ಹೊಟ್ಟೆಯೊಳಗಿನ ಕೂಸು ಮತ್ತು ಒಂದು ಗುಳಿಗೆ

ನಾವು ಗೋಪನಕೊಪ್ಪದಲ್ಲಿ ಬಾಡಿಗೆಗೆ ಇದ್ದ ದಿನಗಳವು. ಹುಬ್ಬಳ್ಳಿ ಶಹರ ಬೆಳೆಯುತ್ತ ಬೆಳೆಯುತ್ತ ತನ್ನ ಮೈಗೆ ಸೇರಿಸಿಕೊಂಡ ಹಳ್ಳಿಗಳಲ್ಲಿ ಗೋಪನಕೊಪ್ಪವೂ ಒಂದು. ಮೈಗೆ ಸೇರಿದರೂ ಹಳ್ಳಿಯ ಗುಣ ಬಿಟ್ಟಿಲ್ಲ. ಒಂದು ಮನೆಯ ಮಾತು ನಾಲ್ಕು ಮನೆಗೆ ಕೇಳುತ್ತದೆ. 2015ರ ಮಳೆಗಾಲದ ಒಂದು ಮಧ್ಯಾಹ್ನ, ಓಣಿಯ ಹೆಣ್ಣುಮಗಳೊಬ್ಬಳು ಬಂದು ಸೆರಗಿನ ಮರೆಯಿಂದ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ನನ್ನ ಮುಂದಿಟ್ಟಳು. ಡಬ್ಬಿಯ ಮೇಲಿನ ಚೀಟಿ ಕಿತ್ತುಹಾಕಿತ್ತು. ಅವಳಿಗಾಗ ಐದು ತಿಂಗಳು.

"ಆಪಾ, ನೀವು ಓದಿದವರು. ಈ ಗುಳಿಗಿ ತಗೊಂಡ್ರ ಹೊಟ್ಯಾಗಿನ ಕೂಸಿಗೆ ಏನೂ ಆಗೂದಿಲ್ಲೇನ್ರಿ? ಬಸಿರಾಗಿದ್ದಾಗ ಬಿರುಸು ಗುಳಿಗಿ ನುಂಗಿದ್ರ ಕೂಸು ಅಂಗವಿಕಲ ಆಗ್ತದಂತ ನಮ್ಮತ್ತಿ ಅಂತಾರ. ಎಂಟು ದಿನ ಆತು, ಬಿಟ್ಟೇನಿ."

ಅದು ಯಾವ ರೋಗದ ಗುಳಿಗೆ ಎಂದು ಅವಳು ಹೇಳಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ನೆಲ ನೋಡುತ್ತ, "ಎಆರ್‌ಟಿ" ಎಂದಳು. ಕತೆ ಬರೆಯುವ ನನಗೆ ಅವಳ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. "ಗುಳಿಗಿ ಕೊಟ್ಟವರನ್ನ ಇವತ್ತ ಕೇಳೋಣು, ನಡಿ" ಎಂದಷ್ಟೇ ಹೇಳಿದೆ. ಮುಂದಿನ ವರ್ಷಗಳಲ್ಲಿ ಆ ಉತ್ತರವನ್ನು ಹುಡುಕಿ ಓದಿದೆ. ಓದುತ್ತ ಹೋದಂತೆ ತಿಳಿದದ್ದು, ಅವಳು ಕೇಳಿದ ಪ್ರಶ್ನೆಗೇ ಒಂದು ದೊಡ್ಡ ಚರಿತ್ರೆ ಇದೆ ಎಂಬುದು.

ಅತ್ತೆಯ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. 1957ರಲ್ಲಿ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ಔಷಧಿ ಮಾರುಕಟ್ಟೆಗೆ ಬಂತು. ಬಸುರಿಯರ ವಾಂತಿ, ಓಕರಿಕೆಗೆ ಒಳ್ಳೆಯದೆಂದು ವೈದ್ಯರೇ ಬರೆದುಕೊಟ್ಟರು. 1961ರಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಮೊಟಕು ಕೈಕಾಲುಗಳೊಂದಿಗೆ ಹುಟ್ಟಿದ್ದವು. ಬಸುರಿಗೆ ಕೊಡುವ ಔಷಧಿಯನ್ನು ಅನುಮಾನದಿಂದ ನೋಡುವುದನ್ನು ವೈದ್ಯಲೋಕ ಕಲಿತದ್ದು ಈ ಪೆಟ್ಟಿನಿಂದ. ಹಾಗಾಗಿ ಗೋಪನಕೊಪ್ಪದ ಅತ್ತೆಯ ಪ್ರಶ್ನೆ ವಿಜ್ಞಾನಿಗಳ ಪ್ರಶ್ನೆಯೂ ಆಗಿತ್ತು. ಅವರು ಅದನ್ನು ಪರೀಕ್ಷಿಸಿ ನೋಡಿದರು ಎಂಬುದಷ್ಟೇ ವ್ಯತ್ಯಾಸ.

ಎಚ್‌ಐವಿ ಭಾರತದಲ್ಲಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ನಿರ್ಮಲಾ ಎಂಬ ವಿದ್ಯಾರ್ಥಿನಿ ಸಂಗ್ರಹಿಸಿದ ರಕ್ತದ ಮಾದರಿಗಳಲ್ಲಿ ಅದು ಸಿಕ್ಕಿತು. ಮುಂದೆ ಸೋಂಕು ಹೆಚ್ಚಿರುವ ಆರು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಸೇರಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆ ಸೋಂಕಿನ ಹೊರೆ ದೊಡ್ಡದಿತ್ತು. ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಕೂಸಿಗೆ ಅದು ಸದ್ದಿಲ್ಲದೆ ದಾಟುತ್ತಿತ್ತು. ಮನೆ ಬಿಟ್ಟು ಹೊರಗೆ ಹೋಗದ ಹೆಂಗಸಿಗೂ ಬಸಿರಿನ ರಕ್ತಪರೀಕ್ಷೆಯ ದಿನವೇ ತನ್ನ ರೋಗ ಗೊತ್ತಾಗುತ್ತಿತ್ತು.

ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ಸ್ವಲ್ಪ ಗರ್ಭದಲ್ಲಿ, ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ, ಉಳಿದದ್ದು ಎದೆಹಾಲಿನಲ್ಲಿ. ಈ ಲೆಕ್ಕವನ್ನು ಮೊದಲು ಮುರಿದದ್ದು 1994ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನಲ್ಲಿ ನಡೆದ ಒಂದು ಅಧ್ಯಯನ. ಜಿಡೋವುಡಿನ್ ಎಂಬ ಔಷಧಿಯನ್ನು ಬಸುರಿಯರಿಗೂ ಹುಟ್ಟಿದ ಶಿಶುಗಳಿಗೂ ಕೊಟ್ಟಾಗ, ಸೋಂಕು ತಗಲಿದ ಮಕ್ಕಳ ಪ್ರಮಾಣ ನೂರಕ್ಕೆ 25.5ರಿಂದ 8.3ಕ್ಕೆ ಇಳಿಯಿತು. ಶಿಶುಗಳಲ್ಲಿ ಕಂಡ ದೋಷವೆಂದರೆ ಸ್ವಲ್ಪ ರಕ್ತಹೀನತೆ. ಹನ್ನೆರಡು ವಾರಗಳೊಳಗೆ ಅದು ತಾನಾಗಿ ಸರಿಹೋಯಿತು. 1999ರಲ್ಲಿ ಫ್ರಾನ್ಸಿನಿಂದ ಇನ್ನೊಂದು ಸುದ್ದಿ ಬಂತು. ಗರ್ಭದಲ್ಲಿ ಈ ಬಗೆಯ ಔಷಧಿಗೆ ಒಳಗಾಗಿದ್ದ ಎಂಟು ಮಕ್ಕಳಲ್ಲಿ, ಜೀವಕೋಶಗಳಿಗೆ ಶಕ್ತಿ ಒದಗಿಸುವ ಭಾಗವೇ ಕೆಟ್ಟಿತ್ತು, ಇಬ್ಬರು ತೀರಿಕೊಂಡಿದ್ದರು. ಯಾರೂ ಇದನ್ನು ಮುಚ್ಚಿಡಲಿಲ್ಲ. ಸಾವಿರಾರು ಮಕ್ಕಳ ದಾಖಲೆಗಳನ್ನು ಮತ್ತೆ ತೆಗೆದು ನೋಡಿದರು. ಅಂಥ ತೊಂದರೆ ತೀರಾ ಅಪರೂಪ, ಉಳಿಯುವ ಜೀವಗಳು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಎಂಬ ತೀರ್ಮಾನ ನಿಂತಿತು.

ಆದರೆ ಅಮೆರಿಕದ ಆ ಚಿಕಿತ್ಸೆ ನಮ್ಮ ಬಡ ಹೆಂಗಸರಿಗೆ ಎಟುಕುವಂತಿರಲಿಲ್ಲ. 1999ರಲ್ಲಿ ಉಗಾಂಡದ ಅಧ್ಯಯನವೊಂದು ಸುಲಭದ ದಾರಿ ತೋರಿಸಿತು. ಹೆರಿಗೆ ನೋವು ಶುರುವಾದಾಗ ತಾಯಿಗೆ ನೆವಿರಪಿನ್‌ನ ಒಂದೇ ಗುಳಿಗೆ, ಹುಟ್ಟಿದ ಮೂರು ದಿನಗಳೊಳಗೆ ಕೂಸಿಗೆ ಕೆಲವು ಹನಿ. ಅಷ್ಟರಿಂದಲೇ ಸೋಂಕು ಹತ್ತಿರಹತ್ತಿರ ಅರ್ಧಕ್ಕಿಳಿಯಿತು.

ಇಲ್ಲಿ ಒಬ್ಬರನ್ನು ನೆನೆಯಬೇಕು. ಖ್ವಾಜಾ ಅಬ್ದುಲ್ ಹಮೀದ್ 1935ರಲ್ಲಿ ಮುಂಬಯಿಯಲ್ಲಿ ಸಿಪ್ಲಾ ಕಂಪನಿ ಕಟ್ಟಿದವರು. ಅವರ ಮಗ ಯೂಸುಫ್ ಹಮೀದ್ 2000ದ ಸೆಪ್ಟೆಂಬರಿನಲ್ಲಿ ಬ್ರಸೆಲ್ಸ್‌ನ ಸಭೆಯಲ್ಲಿ ನಿಂತು, ತಾಯಿಯಿಂದ ಮಗುವಿಗೆ ಸೋಂಕು ತಡೆಯಲು ನೆವಿರಪಿನ್ ಅನ್ನು ಪುಕ್ಕಟೆಯಾಗಿ ಕೊಡುತ್ತೇವೆ ಎಂದರು. 2001ರ ಫೆಬ್ರವರಿಯಲ್ಲಿ, ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮಿಕ್ಕಿದ್ದ ಮೂರು ಔಷಧಿಗಳ ಚಿಕಿತ್ಸೆಯನ್ನು 350 ಡಾಲರಿಗೆ ಕೊಡಲು ಮುಂದೆ ಬಂದರು. ಔಷಧಿಗೆ ಪೇಟೆಂಟ್ ಕೊಡದೆ ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಡುತ್ತಿದ್ದ ನಮ್ಮ 1970ರ ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿತ್ತು. ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ತಾಯಿ-ಮಗುವಿನ ಕಾರ್ಯಕ್ರಮ 2002ರಲ್ಲಿ ಶುರುವಾಯಿತು. 2004ರ ಏಪ್ರಿಲ್ 1ರಿಂದ ಉಚಿತ ಎಆರ್‌ಟಿ ಬಂತು. ಕರ್ನಾಟಕ ಮೊದಲ ಆರು ರಾಜ್ಯಗಳಲ್ಲಿತ್ತು. ಹುಬ್ಬಳ್ಳಿಯ ಜನ ಕಿಮ್ಸ್ ಎಂದೇ ಕರೆಯುವ ದೊಡ್ಡಾಸ್ಪತ್ರೆಯಲ್ಲೂ ಎಆರ್‌ಟಿ ಕೇಂದ್ರ ತೆರೆಯಿತು.

ಆದರೂ ಆ ಒಂದು ಗುಳಿಗೆಯಲ್ಲಿ ಒಂದು ಕೊರತೆಯಿತ್ತು. ಅದು ಕೂಸನ್ನು ಕಾಯುತ್ತಿತ್ತು, ತಾಯಿಯನ್ನು ಕಾಯುತ್ತಿರಲಿಲ್ಲ. ಒಂಟಿ ಗುಳಿಗೆಗೆ ವೈರಾಣು ಬಗ್ಗದಂತಾಗಿ, ಮುಂದೆ ಅದೇ ಔಷಧಿ ತಾಯಿಗೆ ಬೇಕಾದಾಗ ನಾಟದೆ ಹೋಗುತ್ತಿತ್ತು. ತಾಯಿಯನ್ನು ಕೂಸು ತರುವ ಪಾತ್ರೆಯಂತೆ ಕಂಡ ಚಿಕಿತ್ಸೆ ಅದು ಎಂದು ಆಕ್ಷೇಪಿಸಿದವರಿದ್ದರು. 2012ರಲ್ಲಿ ಕರ್ನಾಟಕ, ಆಂಧ್ರ, ತಮಿಳುನಾಡುಗಳಲ್ಲಿ ಹೆಚ್ಚು ಔಷಧಿಗಳ ಚಿಕಿತ್ಸೆ ಮೊದಲಾಯಿತು. 2014ರ ಜನವರಿಯಿಂದ ಇಡೀ ದೇಶದಲ್ಲಿ ಸೋಂಕಿರುವ ಪ್ರತಿ ಬಸುರಿಗೂ ಮೂರು ಔಷಧಿಗಳನ್ನು ಜೀವನಪೂರ್ತಿ ಕೊಡುವ ನಿರ್ಧಾರವಾಯಿತು. ನಮ್ಮ ಓಣಿಯ ಹೆಣ್ಣುಮಗಳ ಡಬ್ಬಿಯಲ್ಲಿದ್ದದ್ದು ಅದೇ: ಟೆನೊಫೊವಿರ್, ಲ್ಯಾಮಿವುಡಿನ್, ಎಫಾವಿರೆಂಜ್ ಮೂರೂ ಸೇರಿದ ಒಂದು ಗುಳಿಗೆ, ರಾತ್ರಿ ಮಲಗುವಾಗ.

ಅವಳ ಅತ್ತೆ ಹೇಳಿದ ಭಯ ಇದೇ ಎಫಾವಿರೆಂಜ್ ಬಗ್ಗೆ ವೈದ್ಯರಿಗೂ ಇತ್ತು. ಕೂಸಿನ ಮಿದುಳು, ಬೆನ್ನುಹುರಿ ರೂಪುಗೊಳ್ಳುವಾಗ ಅದು ಕೆಡುಕು ಮಾಡಬಹುದೆಂದು ಬಹಳ ಕಾಲ ಬಸಿರಿನ ಮೊದಲ ತಿಂಗಳುಗಳಲ್ಲಿ ಅದನ್ನು ಕೊಡುತ್ತಿರಲಿಲ್ಲ. ಹುಟ್ಟಿದ ಮಕ್ಕಳ ಲೆಕ್ಕ ಸೇರುತ್ತ ಹೋದಂತೆ ಅದು ನಿಜವಲ್ಲವೆಂದು ತಿಳಿಯಿತು. 2012ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಆ ತಡೆಯನ್ನು ಬಿಟ್ಟಿತು.

ಅದೇ ಭಯ 2018ರಲ್ಲಿ ಮತ್ತೆ ಎದ್ದಿತು, ಈ ಸಲ ಡೊಲುಟೆಗ್ರಾವಿರ್ ಎಂಬ ಹೊಸ ಔಷಧಿಯ ಮೇಲೆ. ಬೋಟ್ಸ್‌ವಾನಾದಲ್ಲಿ ಬಸಿರಿಗೆ ಮುಂಚಿನಿಂದ ಅದನ್ನು ತೆಗೆದುಕೊಳ್ಳುತ್ತಿದ್ದ 426 ತಾಯಂದಿರಲ್ಲಿ ನಾಲ್ವರ ಮಕ್ಕಳಿಗೆ ಬೆನ್ನುಹುರಿಯ ಅಥವಾ ಮಿದುಳಿನ ದೋಷವಿತ್ತು. ಅನೇಕ ದೇಶಗಳು ಹೆಂಗಸರಿಗೆ ಆ ಔಷಧಿ ಕೊಡುವುದನ್ನು ತಡೆದವು. ಆಗ ಕಿಗಾಲಿಯಲ್ಲಿ ಸೇರಿದ ಆಫ್ರಿಕದ ಸೋಂಕಿತ ಮಹಿಳೆಯರು, ಅಪಾಯ ಎಷ್ಟೆಂದು ನಮಗೆ ತಿಳಿಸಿ, ಬೇಕೋ ಬೇಡವೋ ನಾವು ನಿರ್ಧರಿಸುತ್ತೇವೆ ಎಂದರು. ಲೆಕ್ಕ ಮುಂದುವರಿಯಿತು. 2019ರಲ್ಲಿ ಆ ದೋಷ ಸಾವಿರಕ್ಕೆ ಮೂರಕ್ಕಿಳಿದಿತ್ತು. 2022ರಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕ ಹೆರಿಗೆಗಳನ್ನು ನೋಡಿದಾಗ, ಬೇರೆ ಔಷಧಿ ತೆಗೆದುಕೊಂಡವರಿಗೂ ಇವರಿಗೂ ವ್ಯತ್ಯಾಸವೇ ಉಳಿಯಲಿಲ್ಲ. ಇಂದು ನಮ್ಮ ಎಆರ್‌ಟಿ ಕೇಂದ್ರಗಳು ಬಸುರಿಯರಿಗೂ ಕೊಡುವುದು ಈ ಔಷಧಿ ಸೇರಿದ ಗುಳಿಗೆಯನ್ನೇ.

ಎಲ್ಲ ಭಯವೂ ಸುಳ್ಳಾಯಿತೆಂದರೆ ಅದೂ ತಪ್ಪಾಗುತ್ತದೆ. ಭಾರತವೂ ಸೇರಿ ಏಳು ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ಔಷಧಿ ಪಡೆದವರಲ್ಲಿ ಸೋಂಕು ದಾಟಿದ್ದು ತೀರಾ ಕಡಿಮೆ. ಆದರೆ ಕಡಿಮೆ ತೂಕದ ಕೂಸುಗಳು ಜಿಡೋವುಡಿನ್ ಒಂದನ್ನೇ ಪಡೆದವರಿಗಿಂತ ಹೆಚ್ಚು ಹುಟ್ಟಿದವು. ಬಸುರಿಯ ತೂಕ, ರಕ್ತ, ಸ್ಕ್ಯಾನಿಂಗ್ ಯಾವುದನ್ನೂ ತಪ್ಪಿಸಬಾರದೆನ್ನುವುದು ಇದಕ್ಕೇ.

ಬಾಟಲಿ ಹಾಲಿನ ಕತೆಯೂ ಪಾಠವೇ. ಎದೆಹಾಲಿನಿಂದ ಸೋಂಕು ದಾಟುತ್ತದೆಂದು ಬೋಟ್ಸ್‌ವಾನಾ ಸರ್ಕಾರ ಪುಡಿಹಾಲನ್ನು ಉಚಿತವಾಗಿ ಕೊಟ್ಟಿತು. 2006ರಲ್ಲಿ ಭಾರೀ ಮಳೆಯಾಗಿ ನೀರು ಕೆಟ್ಟಾಗ ಭೇದಿಯಿಂದ ಸತ್ತ ಶಿಶುಗಳಲ್ಲಿ ಹೆಚ್ಚಿನವು ಎದೆಹಾಲು ಕಾಣದವು. ಈಗ ನಮ್ಮಲ್ಲಿ ತಾಯಿ ಗುಳಿಗೆ ತಪ್ಪಿಸದೆ ತೆಗೆದುಕೊಳ್ಳುತ್ತ ಆರು ತಿಂಗಳು ಎದೆಹಾಲನ್ನಷ್ಟೇ ಕೊಡಲಿ ಎನ್ನುತ್ತಾರೆ. ಕೂಸಿಗೆ ಹುಟ್ಟಿದಾಗಿನಿಂದ ಕೆಲವು ವಾರ ಔಷಧಿಯ ಹನಿ, ಆರನೆಯ ವಾರಕ್ಕೆ ಪರೀಕ್ಷೆ, ಹದಿನೆಂಟನೆಯ ತಿಂಗಳಿಗೆ ಕೊನೆಯ ಪರೀಕ್ಷೆ.

ಅವಳನ್ನು ಅಂದು ಕರೆದುಕೊಂಡು ಹೋದಾಗ ಆಪ್ತಸಮಾಲೋಚಕಿ ಬೈಯಲಿಲ್ಲ. "ಗುಳಿಗಿಂದ ಕೂಸಿಗೆ ಆಗೂದಕ್ಕಿಂತ, ಗುಳಿಗಿ ಬಿಟ್ರ ಆಗೂದು ಭಾಳ ಐತಿ ತಂಗಿ" ಎಂದು ಒಂದೇ ಮಾತಿನಲ್ಲಿ ಹೇಳಿದರು. ಮೂವತ್ತು ವರ್ಷಗಳ ಚರಿತ್ರೆಯ ಸಾರ ಆ ಮಾತಿನಲ್ಲಿತ್ತೆಂದು ನನಗೆ ತಿಳಿದದ್ದು ಆಮೇಲೆ. ಫ್ರಾನ್ಸಿನಲ್ಲಿ, ಬಸಿರಿಗೆ ಮುಂಚಿನಿಂದ ಚಿಕಿತ್ಸೆಯಲ್ಲಿದ್ದು ಹೆರಿಗೆಯ ಹೊತ್ತಿಗೆ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದಿದ್ದ ತಾಯಂದಿರ 2651 ಮಕ್ಕಳಲ್ಲಿ ಒಂದಕ್ಕೂ ಸೋಂಕು ತಗಲಿರಲಿಲ್ಲ. ಆ ಮಕ್ಕಳು ಎದೆಹಾಲು ಕುಡಿದವರಲ್ಲ ನಿಜ. ಆದರೂ ಗುಳಿಗೆಯ ಬಲ ಎಷ್ಟೆಂದು ಇದರಿಂದ ತಿಳಿಯುತ್ತದೆ.

ಔಷಧಿಯ ಅನುಮಾನಗಳನ್ನು ವಿಜ್ಞಾನ ಒಂದೊಂದಾಗಿ ಎದುರಿಸಿತು. ಡಬ್ಬಿಯ ಚೀಟಿ ಕಿತ್ತುಹಾಕುವಂತೆ ಮಾಡಿದ ಭಯ ಮಾತ್ರ ನಮ್ಮ ಓಣಿಗಳಲ್ಲೇ ಉಳಿದಿದೆ. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾನೂನು, ಸೋಂಕಿತರ ಗುಟ್ಟು ಹೊರಹಾಕುವುದನ್ನೂ ಅವರನ್ನು ಬೇರೆಯಾಗಿ ಕಾಣುವುದನ್ನೂ ನಿಷೇಧಿಸಿದೆ. ಆದರೆ ಅತ್ತೆ-ಸೊಸೆಯರ ನಡುವಿನ ಮೌನಕ್ಕೆ ಕಾನೂನಿನ ಕೈ ಎಟುಕದು. ಅಂದು ಅವಳಿಗೆ ಮನೆಯೊಳಗೆ ಕೇಳುವವರಿದ್ದಿದ್ದರೆ ಎಂಟು ದಿನ ಗುಳಿಗೆ ತಪ್ಪುತ್ತಿರಲಿಲ್ಲ.

ಅವಳಿಗೆ ಹೆಣ್ಣುಕೂಸು ಹುಟ್ಟಿತು. ಹದಿನೆಂಟು ತಿಂಗಳಿನ ಪರೀಕ್ಷೆಯ ಕಾಗದ ಹಿಡಿದು ಬಂದ ದಿನ ಅವಳು ನನ್ನಿಂದ ಓದಿಸಲಿಲ್ಲ. "ಇಲ್ಲ ಅಂತ ಬಂದೈತಿ ಆಪಾ" ಎಂದಳು, ಅಷ್ಟೆ. ಕೂಸು ಆ ಕಾಗದದ ಮೂಲೆಯನ್ನು ಬಾಯಿಗೆ ಹಾಕಿಕೊಳ್ಳಲು ಎಳೆಯುತ್ತಿತ್ತು.