ನಾರುಗಟ್ಟಿದ ಅಂಗಾಂಶದಲ್ಲಿ ಶಿಶ್ನ ಇಂಪ್ಲಾಂಟ್: ಮರುಶಸ್ತ್ರಚಿಕಿತ್ಸೆಗೆ ಸರಿಯಾದ ಕಾಲ ಯಾವುದು?

ಮಾತ್ರೆ, ಚುಚ್ಚುಮದ್ದುಗಳಿಗೆ ಬಗ್ಗದ ನಿಮಿರು ದೌರ್ಬಲ್ಯಕ್ಕೆ ಇಂಪ್ಲಾಂಟ್ ಒಂದು ಗಟ್ಟಿ ಪರಿಹಾರ. ದ್ರವ ತುಂಬಿ ಉಬ್ಬಿಸುವ ಮಾದರಿಯನ್ನು ಹ್ಯೂಸ್ಟನ್‌ನ ಬ್ರ್ಯಾಂಟ್ಲಿ ಸ್ಕಾಟ್ ಮತ್ತು ಸಂಗಡಿಗರು 1973ರಲ್ಲಿ ವರದಿ ಮಾಡಿದರು. ಮುಂಬೈನ ರೂಪಿನ್ ಶಾ ರೂಪಿಸಿದ ಬಾಗುವ ಸಲಾಕೆ, ಬೆಲೆ ಕಡಿಮೆಯಾದ್ದರಿಂದ, ನಮ್ಮ ದೇಶದ ರೋಗಿಗಳ ಕೈಗೆಟುಕಿತು. ನಿಜವಾದ ತೊಡಕು ಶುರುವಾಗುವುದು ಸೋಂಕು ತಗುಲಿದ ಇಂಪ್ಲಾಂಟನ್ನು ಹೊರತೆಗೆದ ಮೇಲೆ.

ಶಿಶ್ನದೊಳಗೆ ಇಂಪ್ಲಾಂಟ್ ಕೂತಿದ್ದು ಈಗ ಖಾಲಿಯಾದ ಎರಡು ನಾಳಗಳಲ್ಲಿ ಉರಿಯೂತದಿಂದಾಗಿ ಮೃದು ಸ್ನಾಯುವಿನ ಜಾಗವನ್ನು ಕೊಲಾಜನ್ ಆಕ್ರಮಿಸುತ್ತದೆ. ಅದು ಮಾಗುತ್ತ ಕುಗ್ಗುತ್ತದೆ, ಶಿಶ್ನವೂ ಗಿಡ್ಡವಾಗುತ್ತದೆ. ಸೋಂಕು ಪೂರ್ತಿ ಇಳಿಯಲೆಂದು ಮೂರರಿಂದ ಆರು ತಿಂಗಳು ಕಾಯುವುದು ಹಳೆಯ ಪದ್ಧತಿ. ಆ ಹೊತ್ತಿಗೆ ನಾರು ಎಷ್ಟು ಗಡುಸಾಗಿರುತ್ತದೆಂದರೆ, ಅದನ್ನು ಕೊರೆದು ದಾರಿ ಮಾಡಲು ವಿಶೇಷ ಉಪಕರಣ ಬೇಕು, ಕೂರಿಸಲು ಸಣ್ಣ ಗಾತ್ರದ ಸಿಲಿಂಡರ್ ಬೇಕು. ಮೂತ್ರನಾಳ ಹರಿಯುವ, ಹೊರಪದರ ತೂತಾಗುವ ಅಪಾಯವೂ ಹೆಚ್ಚು. ಅದಕ್ಕೇ ಕೆಲವರು ನಾರು ಬಲಿಯುವ ಮೊದಲೇ, ಕೆಲವು ವಾರಗಳಲ್ಲಿ ಮರಳಿ ಒಳಹೋಗುತ್ತಾರೆ.

ಇನ್ನೂ ಮುಂದೆ ಹೋದವರು ಅಮೆರಿಕದ ಮೂತ್ರಾಂಗ ತಜ್ಞ ಮಲ್‌ಕಾಹಿ. ಎಲ್ಲ ಭಾಗಗಳನ್ನೂ ತೆಗೆದು, ನಂಜುನಿರೋಧಕ ದ್ರಾವಣಗಳಿಂದ ಸಾಲಾಗಿ ತೊಳೆದು, ಅದೇ ಸಲ ಹೊಸದನ್ನು ಕೂರಿಸುವ ಅವರ ವಿಧಾನದಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಸೋಂಕಿನಿಂದ ಪಾರಾದರು. 2016ರಲ್ಲಿ ಗ್ರಾಸ್ ಮತ್ತು ಸಂಗಡಿಗರು, ಹೀಗೆ ತೊಳೆದ ಜಾಗದಲ್ಲಿ ಬಾಗುವ ಸಲಾಕೆಯನ್ನೇ ಇರಿಸಿದ 58 ರೋಗಿಗಳಲ್ಲಿ ಶೇ 93ರಷ್ಟು ಯಶಸ್ಸು ಕಂಡರು. ಇದು ಹಿನ್ನೋಟದ ಅಧ್ಯಯನ, ಆ ಮಿತಿಯನ್ನು ಮರೆಯಬಾರದು. ನಂಜು ರಕ್ತಕ್ಕೆ ಏರಿದವರಿಗೆ, ಅಂಗಾಂಶ ಕೊಳೆತವರಿಗೆ ಈ ದಾರಿ ಸಲ್ಲದು.

ನ್ಯಾಮತಿಯಂಥ ಕಡೆಯಿಂದ ಬರುವ ರೋಗಿಯನ್ನು ಎದುರಿಗಿಟ್ಟುಕೊಂಡು ಯೋಚಿಸಿದರೆ ನನ್ನ ಒಲವು ಈ ಸಲಾಕೆಯ ಕಡೆಗೇ. ಹೊನ್ನಾಳಿಯಿಂದ ಬೇರ್ಪಟ್ಟ ಈ ತಾಲ್ಲೂಕಿನ ಜಿಲ್ಲಾಕೇಂದ್ರ ದಾವಣಗೆರೆ, ಹತ್ತಿರದ ದೊಡ್ಡ ಊರು ಶಿವಮೊಗ್ಗ. ಮೂತ್ರಾಂಗ ತಜ್ಞರಲ್ಲೂ ಇಂಪ್ಲಾಂಟ್‌ನಲ್ಲಿ ಪಳಗಿದವರು ಕಡಿಮೆ, ಅವರನ್ನು ಹುಡುಕಿ ಇನ್ನೂ ದೂರ ಹೋಗಬೇಕಾಗಬಹುದು. ‘ಆರು ತಿಂಗಳು ಬಿಟ್ಟು ಬನ್ನಿ’ ಎಂದರೆ, ಮೆಕ್ಕೆಜೋಳದ ಹಣ ಕೈಸೇರುವ ತನಕ, ಮನೆಯವರಿಗೆ ಹೇಳುವ ಧೈರ್ಯ ಬರುವ ತನಕ ಅದು ವರ್ಷವೇ ಆದೀತು. ಸಲಾಕೆ ಒಳಗಿದ್ದರೆ ನಾಳ ತೆರೆದಿರುತ್ತದೆ, ಉದ್ದವೂ ಬಹುಮಟ್ಟಿಗೆ ಉಳಿಯುತ್ತದೆ. ಉಬ್ಬಿಸುವ ಮಾದರಿ ಬೇಕೆನಿಸಿದರೆ ಮುಂದೆ ಬದಲಿಸಬಹುದು, ಸಾಕೆನಿಸಿದರೆ ಅದರಲ್ಲೇ ಬಾಳಬಹುದು.

ಇಂಪ್ಲಾಂಟನ್ನು ತೆಗೆಯಲೇಬೇಕಾದಾಗ ಬಿಡುಗಡೆ ಪತ್ರದಲ್ಲಿ ತೆಗೆದ ದಿನ, ಕೀವಿನ ಕಲ್ಚರ್ ವರದಿ, ಸಿಲಿಂಡರ್‌ನ ಉದ್ದ, ಉಳಿದ ಭಾಗವೇನಾದರೂ ಇದ್ದರೆ ಅದರ ವಿವರ, ಸಕ್ಕರೆಯ ಮಟ್ಟ ಇವಿಷ್ಟೂ ಇರಬೇಕು. ಮುಂದೆ ಆ ರೋಗಿಯನ್ನು ನೋಡುವ ವೈದ್ಯರು ಬೇರೆಯವರೇ ಆಗಿರುವ ಸಂಭವವಿದೆ.