ಮುಪ್ಪಿನ ವ್ಯಾಸಂಗವೂ ಮೈಸೂರಿನ ಹೆರಿಗೆಯ ಪುಸ್ತಕಗಳೂ

ನಮ್ಮ ಕುಪ್ಪಳ್ಳಿಯ ಸೀಮೆಯ ಹಳೆಯ ಮನೆಗಳಲ್ಲಿ ಶಿಶು ಜನಿಸಿದೊಡನೆ ಘಳಿಗೆ, ನಕ್ಷತ್ರ, ಪಾದಗಳನ್ನು ಗುರುತುಹಾಕಿ ಜಾತಕ ಬರೆಯಿಸುವ ಪದ್ಧತಿಯಿದ್ದಿತು. ಅಡಕೆಯ ತೂಕಕ್ಕೆ ಪ್ರತ್ಯೇಕ ಲೆಕ್ಕದ ಪುಸ್ತಕವಿದ್ದ ಮನೆಯಲ್ಲಿಯೂ ಮಗುವಿನ ತೂಕಕ್ಕೆ ಒಂದು ಗೆರೆಯ ಸ್ಥಳವಿರಲಿಲ್ಲ. ಅದೇ ಕಾಲದಲ್ಲಿ ಮೈಸೂರು ನಗರದ ಹೋಲ್ಡ್ಸ್‌ವರ್ತ್ ಸ್ಮಾರಕ ವೈದ್ಯಶಾಲೆಯಲ್ಲಿ, ಎಂದರೆ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಸ್ಥಳದಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ ಇವೆಲ್ಲವನ್ನೂ ಬರೆದಿಡುತ್ತಲಿದ್ದರು. ಬರೆದವರಿಗೆ ಅದು ನಿತ್ಯದ ಕರ್ತವ್ಯ. ಮುಂದೊಂದು ಕಾಲದಲ್ಲಿ ಆ ಬರೆಹವೇ ಮುಪ್ಪಿನ ಶಾಸ್ತ್ರಕ್ಕೆ ಮೂಲಾಧಾರವಾದೀತೆಂದು ಅವರು ಎಣಿಸಿರಲಾರರು.

ಜರೆಯ ವಿಚಾರವು ನಮಗೆ ಹೊಸದಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಅದಕ್ಕೊಂದು ಅಂಗವೇ ಮೀಸಲಾಗಿರುವುದು. ಚರಕಸಂಹಿತೆಯ ಚಿಕಿತ್ಸಾಸ್ಥಾನವು ರಸಾಯನಾಧ್ಯಾಯದಿಂದಲೇ ಆರಂಭವಾಗುವುದು. ವೈದ್ಯನು ಬಹುಶ್ರುತನಾಗಿರಬೇಕೆಂದು ಸುಶ್ರುತಾಚಾರ್ಯರು ವಿಧಿಸಿರುವರು. ಆದರೆ ಆಧುನಿಕ ವಿದ್ಯಾಲಯಗಳಲ್ಲಿ ಹೃದಯವನ್ನು ಬಲ್ಲವನು ಮನಸ್ಸನ್ನು ಕೇಳನು, ಗಣಿತವನ್ನು ಬಲ್ಲವನು ಮನೆಯೊಳಗೆ ಕಾಲಿಡನು. ಮುಪ್ಪಾದರೋ ಈ ಎಲ್ಲ ಬಾಗಿಲುಗಳಿಂದಲೂ ಏಕಕಾಲಕ್ಕೆ ಒಳನುಗ್ಗುವುದು.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ಪ್ರಾಂತದ ಸೂಲಗಿತ್ತಿಯರು 1911ರಿಂದ ಬರೆದಿಟ್ಟ ಪುಸ್ತಕಗಳನ್ನು ಡೇವಿಡ್ ಬಾರ್ಕರ್ ಎಂಬ ವೈದ್ಯನು ಶೋಧಿಸಿ, ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ಹೃದ್ರೋಗದ ಮರಣಗಳು ಹೆಚ್ಚೆಂದು 1989ರಲ್ಲಿ ಪ್ರಕಟಿಸಿದನು. ಆ ಬಳಿಕ ಸೌತಾಂಪ್ಟನ್ನಿನ ವಿದ್ವಾಂಸರ ದೃಷ್ಟಿಯು ಮೈಸೂರಿನ ಪುಸ್ತಕಗಳ ಮೇಲೆ ಬಿದ್ದಿತು. 1934ರಿಂದ 1954ರವರೆಗೆ ಆ ಆಸ್ಪತ್ರೆಯಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಹೆಸರು ಬದಲಾಗಿರುವ, ಮದುವೆಯಾಗಿ ಹೋಗಿರುವ, ತನ್ನ ಜನ್ಮದಿನವನ್ನೇ ಅರಿಯದ ಜನರನ್ನು ಅರ್ಧ ಶತಮಾನದ ಬಳಿಕ ಪತ್ತೆಹಚ್ಚುವುದು ಸಾಮಾನ್ಯವೇ? 1996ರಲ್ಲಿ ಹೊರಬಿದ್ದ ಫಲಿತಾಂಶವು ಇಂತಿದ್ದಿತು: 2.5 ಕಿಲೋಗ್ರಾಂ ಅಥವಾ ಅದಕ್ಕೂ ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ, 3.1 ಕಿಲೋಗ್ರಾಂ ಮೀರಿದವರಲ್ಲಿ ನೂರಕ್ಕೆ 3. ಮುಪ್ಪಿನ ಬೀಜವು ಗರ್ಭದಲ್ಲಿಯೇ ಬಿತ್ತಲ್ಪಟ್ಟಿರುವುದೆಂಬ ಸೂಚನೆಯು ಹೀಗೆ ನಮ್ಮ ನಾಡಿನಲ್ಲಿಯೂ ದೊರೆತಿತು.

ಕರೋಲಿನ್ ಫಾಲ್, ಕಲ್ಯಾಣರಾಮನ್ ಕುಮಾರನ್, ಜಿ. ವಿ. ಕೃಷ್ಣವೇಣಿ ಮೊದಲಾದವರ ಪರಿಶ್ರಮದಿಂದ ಆ ಆಸ್ಪತ್ರೆಯ ಸಂಶೋಧನಾ ಘಟಕವು ಕಿರಿಯರಿಗೆ ಪಾಠಶಾಲೆಯಂತೆಯೇ ಆಯಿತು. ಮುಂದೆ ಅದೇ ಪುಸ್ತಕಗಳ ಆಧಾರದಿಂದ, 1934ರಿಂದ 1966ರೊಳಗೆ ಹುಟ್ಟಿದವರ ಸ್ಮರಣಶಕ್ತಿಯನ್ನೂ ಮನೋವ್ಯಾಧಿಗಳನ್ನೂ ಪರೀಕ್ಷಿಸುವ ಕಾರ್ಯವು ಕೈಗೂಡಿತು. ಹುಟ್ಟಿನ ಗಾತ್ರ ಹೆಚ್ಚಿದ್ದವರು ಬುದ್ಧಿಪರೀಕ್ಷೆಯಲ್ಲಿ ಕೊಂಚ ಮೇಲಾಗಿ ಕಂಡರೂ, ಆ ವ್ಯತ್ಯಾಸದ ಬಹುಭಾಗಕ್ಕೆ ವಿದ್ಯಾಭ್ಯಾಸವೂ ಮನೆಯ ಸ್ಥಿತಿಗತಿಯೂ ಕಾರಣವೆಂದು ತೋರಿತು. ಬಾಲ್ಯದಲ್ಲಿ ಶಾಲೆಗೆ ಹೋದವನಿಗೆ ಮುಪ್ಪಿನಲ್ಲಿ ಅದರ ಬಡ್ಡಿ ದೊರೆಯುವುದೆಂಬುದು ಉಪಾಧ್ಯಾಯನಾದ ನನಗೆ ಸಂತೋಷದ ವಾರ್ತೆಯೇ ಸರಿ. ಆದರೆ ಹೋಗದವರ ಗತಿ?

ಇಲ್ಲೊಂದು ಮಾತು ನಡುವೆ ಬರುವುದನ್ನು ವಾಚಕರು ಸಹಿಸಬೇಕು. ಕೆಲವು ವರ್ಷಗಳ ಕೆಳಗೆ ವೃದ್ಧರ ಆರೋಗ್ಯವನ್ನು ವಿಚಾರಿಸಲು ನಮ್ಮ ಮನೆಗೊಬ್ಬ ಯುವಕನು ಬಂದಿದ್ದನು, ವಿನಯಶಾಲಿ. ನನ್ನ ಅಕ್ಕಯ್ಯನನ್ನು, "ಅಜ್ಜಿ, ಇವತ್ತು ಯಾವ ತಾರೀಖು?" ಎಂದು ಕೇಳಿದನು. ಆಕೆ, "ಬಹುಳ ಪಂಚಮಿ ಅಲ್ದೇನೋ ತಮ್ಮಾ" ಎಂದಳು. ಪಂಚಾಂಗಕ್ಕೆ ಸರಿಯಾದ ಉತ್ತರ. ಆತನ ಕಾಗದದಲ್ಲಿ ಸೊನ್ನೆ ಬಿದ್ದಿತು. ನಾನು ತಿಳಿಯಹೇಳಿದ ಮೇಲೆ, ಅಂಕವನ್ನು ತಿದ್ದಲು ತನಗೆ ಅಧಿಕಾರವಿಲ್ಲವೆಂದು ನಾಚಿ, ಅಂಚಿನಲ್ಲಿ ತಿಥಿಯನ್ನು ಬರೆದುಕೊಂಡನು. ಅಕ್ಕಯ್ಯನಿಗೆ ಮರೆವಿರಲಿಲ್ಲ, ಕೊರತೆಯು ಆತನ ಶಿಕ್ಷಣದಲ್ಲಿದ್ದಿತು.

ಇಂತಹ ದೋಷವನ್ನು ಕಂಡೇ 1998ರಲ್ಲಿ "10/66" ಎಂಬ ವಿದ್ವದ್ಗೋಷ್ಠಿಯು ಹುಟ್ಟಿತು. ಮರೆಗುಳಿ ರೋಗದವರಲ್ಲಿ ನೂರಕ್ಕೆ 66 ಮಂದಿ ಬಡದೇಶಗಳಲ್ಲಿದ್ದರೂ ಸಂಶೋಧನೆಯಲ್ಲಿ ನೂರಕ್ಕೆ 10 ಪಾಲೂ ಅವರನ್ನು ಕುರಿತದ್ದಲ್ಲವೆಂಬುದೇ ಆ ಹೆಸರಿನ ಅರ್ಥ. ಅಕ್ಷರ ಬಾರದವರಿಗೂ ಅನ್ಯಾಯವಾಗದಂತೆ ಅವರು ರಚಿಸಿದ ಪರೀಕ್ಷೆಯನ್ನು ಮೈಸೂರಿನಲ್ಲಿ ಕನ್ನಡದಲ್ಲಿ ಬಳಸಿದರು. ಪರೀಕ್ಷಕನು ರೋಗಿಯನ್ನಷ್ಟೇ ಅಲ್ಲದೆ, ಆತನನ್ನು ಬಲ್ಲ ಮನೆಯವರನ್ನೂ ಪ್ರಶ್ನಿಸಬೇಕೆಂಬುದು ಅದರ ನಿಯಮ. ವೈದ್ಯಪದವಿಯೊಂದರಿಂದಲೇ ಈ ಕಲೆಯು ಬಾರದು.

ಈಗ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸೀಮೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರವು ಇದಕ್ಕಿಂತ ದೊಡ್ಡ ಕಾರ್ಯವನ್ನು ಕೈಕೊಂಡಿರುವುದು. 45 ವರ್ಷ ಮೀರಿದ 10,000 ಹಳ್ಳಿಗರನ್ನು ವರ್ಷಾನುವರ್ಷ ಹಿಂಬಾಲಿಸಿ, ರಕ್ತ, ಆಹಾರ, ಸ್ಮೃತಿ, ವಂಶವಾಹಿ, ಮೆದುಳಿನ ಚಿತ್ರ ಎಲ್ಲವನ್ನೂ ಕೂಡಿಸಿ ನೋಡುವುದು ಅದರ ಉದ್ದೇಶ. ಅಲ್ಲಿ ಜೀವಶಾಸ್ತ್ರದವನು ಮನಶ್ಶಾಸ್ತ್ರದವಳೊಡನೆಯೂ, ಇಬ್ಬರೂ ಗಣಿತಜ್ಞನೊಡನೆಯೂ, ಮೂವರೂ ಜಗಲಿಯ ಮೇಲಿನ ಮುದುಕನೊಡನೆಯೂ ಮಾತನಾಡಲು ಕಲಿಯಲೇಬೇಕು. ಈ ಹೊತ್ತು 25ರ ಪ್ರಾಯದಲ್ಲಿ ಆ ಕೆಲಸಕ್ಕೆ ಸೇರುವ ವಿದ್ಯಾರ್ಥಿಯು, ಇಂದಿನ 45ರವರು 65 ಮುಟ್ಟುವ ವೇಳೆಗೆ, ತಾನೂ ಆ ಪಟ್ಟಿಗೆ ಹೆಸರು ಕೊಡುವ ವಯಸ್ಸಿಗೆ ಬಂದಿರುವನು.