ಉಲ್ಹಾಸ್ ದಡದ ಕೋಟೆಗಳು

ಮಹಾರಾಷ್ಟ್ರದ ಕಲ್ಯಾಣದ ಬಳಿ ಖಾಡಿಯಾಗಿ, ಎಂದರೆ ಸಮುದ್ರದ ಉಬ್ಬರವಿಳಿತ ಒಳನುಗ್ಗುವ ಅಳಿವೆಯಾಗಿ, ಅಗಲಗೊಳ್ಳುವ ಉಲ್ಹಾಸ್ ನದಿಯು ಘಟ್ಟದಿಂದಿಳಿದ ಸರಕನ್ನು ಕಡಲಿಗೆ ಸಾಗಿಸುವ ದಾರಿಯಾಗಿದ್ದುದರಿಂದ, ಜರ್ಮನಿಯ ರೈನ್ ಕಣಿವೆಯ ಸುಂಕದ ಕೋಟೆಗಳಂತೆ ಇಲ್ಲಿನ ಕೋಟೆಗಳೂ ಜಲಮಾರ್ಗವನ್ನೇ ಕಾಯುತ್ತಿದ್ದವು. 1657ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಕಲ್ಯಾಣವನ್ನು ಗೆದ್ದ ಶಿವಾಜಿಯು ಖಾಡಿಯ ದಡದ ದುರ್ಗಾಡಿ ಕೋಟೆಯನ್ನು ಬಲಪಡಿಸಿ, ಅಲ್ಲಿಯೇ ಹಡಗುಗಳನ್ನು ಕಟ್ಟಿಸತೊಡಗಿದನು. ಮರಾಠಾ ನೌಕಾಬಲದ ಮೂಲವನ್ನು ಅರಸುವವರು ಮೊದಲು ನೋಡಬೇಕಾದ ಸ್ಥಳ ಇದೇ.

1730ರಲ್ಲಿ ಪೋರ್ಚುಗೀಸರು ಆರಂಭಿಸಿದ ಠಾಣೆಯ ಕೋಟೆಯು 1737ರಲ್ಲಿ ಮರಾಠರಿಗೆ, 1774ರಲ್ಲಿ ಇಂಗ್ಲಿಷರಿಗೆ ವಶವಾಗಿ, ಮುಂದೆ ಸೆರೆಮನೆಯಾಯಿತು. ನಾಸಿಕದ ಕಲೆಕ್ಟರ್ ಜಾಕ್ಸನ್‌ನನ್ನು ಕೊಂದ ಹದಿಹರೆಯದ ಅನಂತ ಕಾನ್ಹೆರೆಯನ್ನು 1910ರ ಏಪ್ರಿಲ್ 19ರಂದು ಗಲ್ಲಿಗೇರಿಸಿದ್ದು ಈ ಗೋಡೆಗಳ ಒಳಗೇ ಎಂಬುದನ್ನು ಪ್ರತಿ ದರ್ಶಕನೂ ಅರಿತಿರಬೇಕು. ಇಂದಿಗೂ ಕಾರಾಗೃಹವೇ ಆಗಿರುವುದರಿಂದ ಅದು ಅಳಿಯದೆ ಉಳಿದಿದೆ; ನವಿ ಮುಂಬೈಯ ಬೇಲಾಪುರದಲ್ಲಾದರೋ ಕೋಟೆಯ ಪಾಳುಬಿದ್ದ ಅವಶೇಷಗಳಷ್ಟೇ ಕಾಣಸಿಗುತ್ತವೆ.